ಮಾವ ಬಿಟ್ಟುಹೋದ ನಾಯಿ ನನ್ನನ್ನು ಹತ್ತಿರ ಸೇರಿಸುತ್ತಿಲ್ಲ, ಪುತ್ತರಿ ಹಬ್ಬಕ್ಕೆ ಇನ್ನು ಒಂದೇ ತಿಂಗಳು

ಹೊಸ_ತೋಟದವಳು (ನವೆಂಬರ್ 3, ರಾತ್ರಿ 9.40)

ಎಲ್ಲರಿಗೂ ನಮಸ್ಕಾರ. ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮದೊಂದು ಸಣ್ಣ ತೋಟ. ಜೂನಿನಲ್ಲಿ ಮಾವ ತೀರಿಕೊಂಡರು. ನಾನೂ ನನ್ನವರೂ ಬೆಂಗಳೂರು ಬಿಟ್ಟು ಇಲ್ಲಿಗೆ ಬಂದೆವು. ಮನೆ, ತೋಟ, ಬ್ಯಾಂಕ್ ಸಾಲದ ಜೊತೆಗೆ ರಾಕಿ ಅಂತ ಒಂದು ನಾಯಿಯೂ ನಮ್ಮ ಪಾಲಿಗೆ ಬಂತು. ಆರು ವರ್ಷದ ಗಂಡು. ಕಂದು ಬಣ್ಣ, ಎಡಗಿವಿ ಅರ್ಧ ಹರಿದಿದೆ. ಜಾತಿ ಕೇಳಬೇಡಿ, ಊರಿನ ಎಲ್ಲ ಜಾತಿಯೂ ಅದರಲ್ಲಿದೆ.

ಮರಿಯಾಗಿದ್ದಾಗಿನಿಂದ ಕಣದ ಪಕ್ಕದ ಶೆಡ್ಡಿಗೆ ಕಟ್ಟಿಯೇ ಸಾಕಿದ್ದು. ಅನ್ನ ಹಾಕುತ್ತಿದ್ದವರು ಮಾವ ಒಬ್ಬರೇ. ಈಗ ನಾನು ತಟ್ಟೆ ಇಟ್ಟು ಹಿಂದೆ ಸರಿದರೆ ಮಾತ್ರ ತಿನ್ನುತ್ತದೆ. ಕೈ ಚಾಚಿದರೆ ಮುಖ ಆ ಕಡೆ ತಿರುಗಿಸಿ ಆಕಳಿಸುತ್ತದೆ. ಇನ್ನೊಂದು ಹೆಜ್ಜೆ ಇಟ್ಟರೆ ಗುರ್ ಅನ್ನುತ್ತದೆ. ನಿನ್ನೆ ನಮ್ಮ ತೋಟದ ಲೆಕ್ಕ ನೋಡುವ ರೈಟರ್ ಅದರ ಕತ್ತಿನ ಬೆಲ್ಟ್ ಹಿಡಿದು ಎಳೆದರು, ಕೈಗೆ ಕಚ್ಚಿತು. ರಕ್ತ ಬಂತು.

ಚಿಕ್ಕಮಾವ ಹೇಳುವುದು, "ಎರಡು ಬಾರಿಸು, ಸರಿಹೋಗುತ್ತದೆ. ಇಲ್ಲದಿದ್ದರೆ ಯಾರಿಗಾದರೂ ಕೊಟ್ಟುಬಿಡು." ನನಗೆ ಎರಡೂ ಮನಸ್ಸಿಲ್ಲ. ಆದರೆ ಸುಗ್ಗಿ ಹಬ್ಬ ಪುತ್ತರಿ ಬರುತ್ತಿದೆ, ಆಗ ಗುಂಡು ಹಾರಿಸುತ್ತಾರೆ. ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಪಕ್ಕದವರು ತೆಂಗಿನಕಾಯಿಗೆ ಗುಂಡು ಹೊಡೆಯುವಾಗ ಇದು ಚೈನು ಎಳೆದಾಡಿದ ರಭಸಕ್ಕೆ ಶೆಡ್ಡಿನ ಕಂಬವೇ ವಾಲಿದೆ. ಎಲ್ಲಿಂದ ಶುರು ಮಾಡಲಿ?

ಪೊನ್ನಂಪೇಟೆ_ನರ್ಸ್ (ನವೆಂಬರ್ 3, ರಾತ್ರಿ 9.52)

ನಾಯಿ ವಿಷಯ ಆಮೇಲೆ. ರೈಟರಿಗೆ ರೇಬಿಸ್ ಇಂಜೆಕ್ಷನ್ ಆಯಿತಾ?

ಹೊಸ_ತೋಟದವಳು (ನವೆಂಬರ್ 3, ರಾತ್ರಿ 9.58)

ಇಲ್ಲ ಅಕ್ಕ. ಅರಿಶಿನ ಹಚ್ಚಿಕೊಂಡು ಬಟ್ಟೆ ಕಟ್ಟಿಕೊಂಡಿದ್ದಾರೆ. ಮನೆ ನಾಯಿ ಅಲ್ವಾ, ಏನಾಗಲ್ಲ ಅಂದರು.

ಪೊನ್ನಂಪೇಟೆ_ನರ್ಸ್ (ನವೆಂಬರ್ 3, ರಾತ್ರಿ 10.05)

ಅಯ್ಯೋ ದೇವರೇ. ಅರಿಶಿನ, ಸುಣ್ಣ, ಕಾಫಿಪುಡಿ ಏನೂ ಹಚ್ಚಬಾರದು. ಕಚ್ಚಿದ ಕೂಡಲೇ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು. ಈಗಲೂ ತೊಳೆಯಲಿ. ನಾಳೆ ಬೆಳಿಗ್ಗೆ ಮೊದಲ ಕೆಲಸ ಸರ್ಕಾರಿ ಆಸ್ಪತ್ರೆ. ಚರ್ಮದಲ್ಲಿ ಕೊಡುವ ಸೂಜಿಯಾದರೆ 0, 3, 7, 28ನೇ ದಿನ. ರಕ್ತ ಬಂದ ಗಾಯ ಅಂತ ಬಿಡಿಸಿ ಹೇಳಿ. ಅಂಥ ಗಾಯಕ್ಕೆ ಸುತ್ತಲೂ ಹಾಕುವ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ. ನಾಯಿಗೆ ರೇಬಿಸ್ ಲಸಿಕೆ ಆಗಿದ್ದರೆ ಕಾರ್ಡು ಹುಡುಕಿ ಇಟ್ಟುಕೊಳ್ಳಿ. ಹತ್ತು ದಿನ ಅದರ ಮೇಲೆ ಕಣ್ಣಿರಲಿ. ರೋಗದ ಲಕ್ಷಣ ಶುರುವಾದ ಮೇಲೆ ಯಾವ ಡಾಕ್ಟರ ಕೈಯಲ್ಲೂ ಏನೂ ಇರುವುದಿಲ್ಲ. ಬೈದೆ ಅಂದುಕೊಳ್ಳಬೇಡಿ.

ತಾತನ_ಕೋವಿ (ನವೆಂಬರ್ 3, ರಾತ್ರಿ 10.20)

ನಿಮ್ಮ ಚಿಕ್ಕಮಾವ ಹೇಳಿದ್ದೇ ಸರಿ. ನಮ್ಮ ತಾತನ ಕಾಲದಲ್ಲಿ ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ ಒಂಬತ್ತು ನಾಯಿ ಇದ್ದವು. ಒಂದೂ ಮನೆಯವರಿಗೆ ಹಲ್ಲು ತೋರಿಸಿದ್ದಿಲ್ಲ. ತೋರಿಸಿದರೆ ಏನಾಗುತ್ತದೆ ಅಂತ ಗೊತ್ತಿತ್ತು. ನಾಯಿ ಅಂದರೆ ತೋಳದ ಜಾತಿ. ಗುಂಪಿಗೆ ಒಬ್ಬ ಯಜಮಾನ ಬೇಕು. ಯಜಮಾನ ಹೋದ, ಈಗ ತಾನೇ ಯಜಮಾನ ಅಂದುಕೊಂಡಿದೆ. ಅಷ್ಟೇ ವಿಷಯ.

ಮಳೆಗಾಲದ_ಜಿಗಣೆ (ನವೆಂಬರ್ 3, ರಾತ್ರಿ 10.41)

ಬಂತು ನೋಡಿ ಯಜಮಾನನ ಕಥೆ! ಅಣ್ಣ, ಆ ಕಥೆ ಹುಟ್ಟಿದ್ದು ಕಾಡಿನಲ್ಲಲ್ಲ, ಬೇಲಿಯೊಳಗೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಅನ್ನುವವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ ಬರೆದದ್ದು. ಅಷ್ಟು ಜಾಗದಲ್ಲಿ ಕೂಡಿಹಾಕಿದರೆ ಜಗಳ ಆಡದೆ ಭಜನೆ ಮಾಡುತ್ತವಾ? ಅಮೆರಿಕದ ಡೇವಿಡ್ ಮೆಕ್ 1970ರ ತಮ್ಮ ಪುಸ್ತಕದಲ್ಲಿ ಅದನ್ನೇ ಹೇಳಿದರು, ಲೋಕವೆಲ್ಲ ನಂಬಿತು. ಆಮೇಲೆ ಅವರೇ ಕಾಡಿನ ತೋಳಗಳ ಹಿಂದೆ ವರ್ಷಗಟ್ಟಲೆ ಅಲೆದರು. 1999ರಲ್ಲಿ ಅವರೇ ಆ ಮಾತು ಸರಿಯಲ್ಲ ಅಂತ ಬರೆದರು. ಕಾಡಿನ ಗುಂಪು ಅಂದರೆ ಹೆಚ್ಚಾಗಿ ಅಪ್ಪ, ಅಮ್ಮ, ಮಕ್ಕಳು. ಅಷ್ಟೇ.

ತಾತನ_ಕೋವಿ (ನವೆಂಬರ್ 3, ರಾತ್ರಿ 10.44)

ಹಾಗಾದರೆ ಅಪ್ಪನೇ ಯಜಮಾನ ಆದನಲ್ಲ ಮಾರಾಯ.

ಮಳೆಗಾಲದ_ಜಿಗಣೆ (ನವೆಂಬರ್ 3, ರಾತ್ರಿ 10.45)

ನಿಮ್ಮ ಮನೆಯಲ್ಲಿ ಯಾರು ಅಂತ ಇಡೀ ನಾಪೋಕ್ಲಿಗೆ ಗೊತ್ತಿದೆ ಅಣ್ಣ.

ತಾತನ_ಕೋವಿ (ನವೆಂಬರ್ 3, ರಾತ್ರಿ 10.51)

ಅದು ನಿಜ. ನಮ್ಮ ನಾಯಿಯೂ ನಾನು ಕೂಗಿದರೆ ಕಿವಿ ಸಹ ಅಲ್ಲಾಡಿಸಲ್ಲ. ಹೆಂಡತಿ ಅಡಿಗೆಮನೆ ಬಾಗಿಲು ತೆಗೆದರೆ ಸಾಕು, ತೋಟದ ಆ ತುದಿಯಿಂದ ಓಡಿ ಬರುತ್ತದೆ.

ಹಸುಡಾಕ್ಟ್ರು (ನವೆಂಬರ್ 4, ಬೆಳಿಗ್ಗೆ 6.15)

ಮೂವತ್ತು ವರ್ಷ ಪಶುವೈದ್ಯಕೀಯ ಇಲಾಖೆಯಲ್ಲಿದ್ದು ಈಗ ಮನೆಯಲ್ಲಿ ಕೂತಿದ್ದೇನೆ. ತಂಗಿ, ನೀವು ಬರೆದದ್ದರಲ್ಲೇ ಅರ್ಧ ಉತ್ತರ ಇದೆ. ಮುಖ ತಿರುಗಿಸುವುದು, ನಿದ್ದೆ ಬರದಿದ್ದರೂ ಆಕಳಿಸುವುದು, ಮೂಗು ನೆಕ್ಕಿಕೊಳ್ಳುವುದು, ಒಂದು ಮುಂಗಾಲು ಎತ್ತಿ ನಿಲ್ಲುವುದು, ಕಣ್ಣಿನ ಬಿಳಿ ಕಾಣುವ ಹಾಗೆ ಓರೆ ನೋಡುವುದು, ಇವೆಲ್ಲ "ನನಗೆ ಭಯ ಆಗುತ್ತಿದೆ, ಅಲ್ಲೇ ನಿಲ್ಲು" ಅನ್ನುವ ಮಾತು. ಅದನ್ನು ನಾವು ಕೇಳಿಸಿಕೊಳ್ಳದಿದ್ದರೆ ಗುರ್ ಅನ್ನುತ್ತದೆ. ಅದೂ ಕೇಳದಿದ್ದರೆ ಹಲ್ಲು. ಯಜಮಾನಿಕೆ ಮಾಡುವ ನಾಯಿ ಆಕಳಿಸುತ್ತಾ ಕೂರುವುದಿಲ್ಲ.

ಇನ್ನೊಂದು ಪ್ರಶ್ನೆ. ಬೆಲ್ಟ್ ಹಿಡಿದಾಗ ಮಾತ್ರ ಕಚ್ಚಿತಾ? ಆ ಬೆಲ್ಟ್ ಯಾವಾಗ ಹಾಕಿದ್ದು? ಚರ್ಮದ್ದಾ? ನಮ್ಮೂರಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಚರ್ಮದ ಬೆಲ್ಟ್ ಒಣಗುವುದೇ ಇಲ್ಲ. ಯಾರಾದರೂ ಕತ್ತಿನ ಕೂದಲು ಸರಿಸಿ ನೋಡಿದ್ದೀರಾ?

ಹೊಸ_ತೋಟದವಳು (ನವೆಂಬರ್ 4, ಬೆಳಿಗ್ಗೆ 7.02)

ಕತ್ತಿನ ಹತ್ತಿರ ಯಾರನ್ನೂ ಬಿಡುವುದಿಲ್ಲ ಸರ್. ಚರ್ಮದ್ದೇ. ಮಾವ ಹಾಕಿದ್ದು.

ಹಸುಡಾಕ್ಟ್ರು (ನವೆಂಬರ್ 4, ಬೆಳಿಗ್ಗೆ 7.10)

ಇವತ್ತೇ ಡಾಕ್ಟರನ್ನು ಮನೆಗೆ ಕರೆಸಿ. ತರಬೇತಿ ಎಲ್ಲ ಆಮೇಲೆ. ನೋವಿರುವ ನಾಯಿಗೆ ಪಾಠ ಹತ್ತುವುದಿಲ್ಲ.

ಗೋಣಿಕೊಪ್ಪ_ಅಕ್ಕ (ನವೆಂಬರ್ 4, ಬೆಳಿಗ್ಗೆ 11.30)

ಗುರ್ ಅಂದಿದ್ದಕ್ಕೆ ಹೊಡೆಯಬೇಡಿ ಅಂತ ನಾನು ಕೈ ಮುಗಿದು ಹೇಳುತ್ತೇನೆ. ನಮ್ಮ ಹಳೆಯ ನಾಯಿ ನೆಂಟರು ಬಂದಾಗಲೆಲ್ಲ ಸೋಫಾ ಹಿಂದೆ ಕೂತು ಗುರ್‌ಗುಡುತ್ತಿತ್ತು. ಮಾನ ಹೋಗುತ್ತದೆ ಅಂತ ನಮ್ಮವರು ಪ್ರತಿ ಸಲ ಪೇಪರ್ ಸುತ್ತಿ ಹೊಡೆದರು. ಎರಡು ತಿಂಗಳಲ್ಲಿ ಗುರ್ ನಿಂತಿತು. ಎಷ್ಟು ಒಳ್ಳೆಯ ನಾಯಿ ಆಯಿತು ಅಂತ ನಾವೆಲ್ಲ ಹೊಗಳಿದೆವು. ಆಮೇಲೆ ಒಂದು ದಿನ ನನ್ನ ತಂಗಿಯ ಮಗಳು, ನಾಲ್ಕು ವರ್ಷ, ಅದರ ಮೇಲೆ ಬಗ್ಗಿ ಅಪ್ಪಿಕೊಂಡಳು. ಸದ್ದೇ ಇಲ್ಲ. ನೇರ ಕೆನ್ನೆ. ಏಳು ಹೊಲಿಗೆ. ಮಗು ಈಗ ಕಾಲೇಜಿಗೆ ಹೋಗುತ್ತಾಳೆ, ಗುರುತು ಹಾಗೇ ಇದೆ. ಆ ನಾಯಿ ಹೆದರುವುದನ್ನು ಬಿಟ್ಟಿರಲಿಲ್ಲ. ಹೇಳುವುದನ್ನು ಬಿಟ್ಟಿತ್ತು. ಬಿಡಿಸಿದ್ದು ನಾವೇ.

ವಿರಾಜಪೇಟೆ_ಬ್ಯಾಚುಲರ್ (ನವೆಂಬರ್ 4, ಮಧ್ಯಾಹ್ನ 1.15)

ಬೊಗಳುವ ನಾಯಿ ಕಚ್ಚಲ್ಲ ಅಂತಾರಲ್ಲ?

ಪೊನ್ನಂಪೇಟೆ_ನರ್ಸ್ (ನವೆಂಬರ್ 4, ಮಧ್ಯಾಹ್ನ 1.20)

ಆ ಗಾದೆ ನಂಬಿದವರನ್ನು ವಾರಕ್ಕೆ ಇಬ್ಬರು ಮೂವರು ನಮ್ಮ ಆಸ್ಪತ್ರೆಯಲ್ಲಿ ನೋಡುತ್ತೇನೆ. ಬಾಲ ಅಲ್ಲಾಡಿಸುತ್ತಿತ್ತು, ಆದರೂ ಕಚ್ಚಿತು ಅನ್ನುವವರೂ ಬರುತ್ತಾರೆ.

ಮಳೆಗಾಲದ_ಜಿಗಣೆ (ನವೆಂಬರ್ 4, ಮಧ್ಯಾಹ್ನ 1.34)

ಬಾಲ ಅಲ್ಲಾಡಿದರೆ ಖುಷಿ ಅಂತಲೇ ಅರ್ಥವಲ್ಲ. ಸೊಂಟದ ಸಮೇತ ಸಡಿಲವಾಗಿ ಆಡಿಸಿದರೆ ಖುಷಿ. ಮೈಯೆಲ್ಲ ಬಿಗಿಹಿಡಿದು ಬಾಲ ಮಾತ್ರ ಮೇಲೆತ್ತಿ ಪಟಪಟ ಅಂದರೆ ದೂರ ಇರಿ. ಬರೀ ಬಾಲ ನೋಡಬೇಡಿ, ಇಡೀ ನಾಯಿ ನೋಡಿ.

ವಿರಾಜಪೇಟೆ_ಬ್ಯಾಚುಲರ್ (ನವೆಂಬರ್ 4, ಮಧ್ಯಾಹ್ನ 1.50)

ಆದರೆ ನಾಯಿಗೆ ತಪ್ಪು ಗೊತ್ತಾಗುತ್ತದೆ. ನಾನು ಬಾಡಿಗೆ ಮನೆಗೆ ಬರುವಷ್ಟರಲ್ಲಿ ನಮ್ಮ ಪಿಂಕಿ ಚಪ್ಪಲಿ ಕಡಿದು ಇಟ್ಟಿರುತ್ತಾಳೆ. ನಾನು ಬಾಯಿ ತೆಗೆಯುವ ಮೊದಲೇ ಕಿವಿ ಕೆಳಗೆ ಹಾಕಿ, ತಲೆ ತಗ್ಗಿಸಿ, ಮೂಲೆಯಲ್ಲಿ ಕೂರುತ್ತಾಳೆ. ಪಕ್ಕಾ ಕಳ್ಳಿ.

ಮಳೆಗಾಲದ_ಜಿಗಣೆ (ನವೆಂಬರ್ 4, ಮಧ್ಯಾಹ್ನ 2.05)

ಅದನ್ನೇ ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನುವವರು 2009ರಲ್ಲಿ ಪರೀಕ್ಷೆ ಮಾಡಿ ಪ್ರಕಟಿಸಿದರು. ತಿಂಡಿ ಇಟ್ಟು "ತಿನ್ನಬೇಡ" ಅಂತ ಹೇಳಿ ಯಜಮಾನರು ಹೊರಗೆ ಹೋಗಬೇಕು. ವಾಪಸ್ ಬಂದಾಗ ಕೆಲವರಿಗೆ ನಿಜ, ಕೆಲವರಿಗೆ ಸುಳ್ಳು ಹೇಳಿದರು. ಆ "ಕಳ್ಳ ಮುಖ"ಕ್ಕೂ ತಿಂದದ್ದಕ್ಕೂ ಸಂಬಂಧವೇ ಇರಲಿಲ್ಲ. ಬೈಸಿಕೊಂಡ ನಾಯಿಗಳು ಆ ಮುಖ ಮಾಡಿದವು. ಏನೂ ತಿನ್ನದೆ ಬೈಸಿಕೊಂಡವು ಇನ್ನೂ ಜಾಸ್ತಿ ಮಾಡಿದವು. ಪಿಂಕಿ ಓದುತ್ತಿರುವುದು ನಿಮ್ಮ ಮುಖವನ್ನು, ಚಪ್ಪಲಿಯನ್ನಲ್ಲ.

ವಿರಾಜಪೇಟೆ_ಬ್ಯಾಚುಲರ್ (ನವೆಂಬರ್ 4, ಮಧ್ಯಾಹ್ನ 2.11)

ಹಾಗಾದರೆ ಚಪ್ಪಲಿ ಎಲ್ಲಿಡಲಿ?

ಗೋಣಿಕೊಪ್ಪ_ಅಕ್ಕ (ನವೆಂಬರ್ 4, ಮಧ್ಯಾಹ್ನ 2.12)

ಮೇಲೆ.

ಹೊಸ_ತೋಟದವಳು (ನವೆಂಬರ್ 6, ರಾತ್ರಿ 8.30)

ಡಾಕ್ಟರ್ ಸರ್, ನೀವು ಹೇಳಿದ್ದು ನಿಜವಾಯಿತು. ನಿನ್ನೆ ಸಂಜೆ ಡಾಕ್ಟರ್ ಬಂದು ಬಾಯಿಗೆ ಪಟ್ಟಿ ಹಾಕಿ, ಮಂಪರಿನ ಇಂಜೆಕ್ಷನ್ ಕೊಟ್ಟು ಬೆಲ್ಟ್ ಕತ್ತರಿಸಿದರು. ಬೆಲ್ಟ್ ಸುಲಭಕ್ಕೆ ಬರಲಿಲ್ಲ, ಅಂಟಿಕೊಂಡಿತ್ತು. ಅದರ ಕೆಳಗೆ ಕತ್ತಿನ ಸುತ್ತ ಎರಡು ಬೆರಳು ಅಗಲ ಕೂದಲೇ ಇಲ್ಲ. ಹಸಿ ಮಾಂಸ. ಬಕಲ್ ಇದ್ದ ಕಡೆ ಕೀವು. ಕತ್ತರಿಸಿ ಬಿಸಾಡಿದ ಬೆಲ್ಟಿನ ವಾಸನೆಗೆ ರೈಟರ್ ಮೂಗು ಮುಚ್ಚಿಕೊಂಡು ಎದ್ದುಹೋದರು. ಐದು ನಿಮಿಷ ಬಿಟ್ಟು ವಾಪಸ್ ಬಂದು, "ಅಕ್ಕ, ನಾನು ಹಿಡಿದದ್ದು ಇದನ್ನೇ" ಅಂದರು.

ಮಾವನಿಗೆ ಕೊನೆಯ ಎರಡು ವರ್ಷ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಅವರನ್ನು ದೂರುವುದಿಲ್ಲ. ಆದರೆ ನಾವು ಬಂದೂ ನಾಲ್ಕು ತಿಂಗಳಾಗಿತ್ತು ಅಲ್ವಾ.

ರೈಟರಿಗೆ ಮೊದಲ ಸೂಜಿ ಆಗಿದೆ ನರ್ಸಕ್ಕ.

ತಾತನ_ಕೋವಿ (ನವೆಂಬರ್ 6, ರಾತ್ರಿ 8.55)

ಛೆ. ನಾನು ಬಾರಿಸು ಅಂದಿದ್ದೆ. ಬೇಜಾರಾಯಿತು.

ಹಸುಡಾಕ್ಟ್ರು (ನವೆಂಬರ್ 7, ಬೆಳಿಗ್ಗೆ 6.05)

ಗಾಯ ಮಾಯಲು ಎರಡು ಮೂರು ವಾರ ಬೇಕು. ಕತ್ತಿಗೆ ಇನ್ನು ಏನೂ ಬೇಡ. ಎದೆಗೆ ಹಾಕುವ ಬೆಲ್ಟ್ ಸಿಗುತ್ತದೆ, ಅದನ್ನು ತನ್ನಿ. ತಂದ ದಿನವೇ ಹಾಕಲು ಹೋಗಬೇಡಿ. ಮೊದಲು ಊಟದ ತಟ್ಟೆ ಪಕ್ಕ ಬಿದ್ದಿರಲಿ.

ಈಗ ನಂಬಿಕೆಯ ವಿಷಯ. ಅದಕ್ಕೆ ಕೈ ಅಂದರೆ ಆರು ತಿಂಗಳಿಂದ ನೋವು. ಆ ಲೆಕ್ಕ ತಿರುಗಬೇಕು. ಕೋಳಿ ಲಿವರ್ ಉಪ್ಪು, ಮಸಾಲೆ, ಈರುಳ್ಳಿ ಏನೂ ಹಾಕದೆ ಬೇಯಿಸಿ. ಕಡಲೆಕಾಳಿನಷ್ಟು ಸಣ್ಣ ಚೂರು ಮಾಡಿ. ಹತ್ತು ಅಡಿ ದೂರದಲ್ಲಿ, ಎದುರುಬದುರಲ್ಲ, ಪಕ್ಕಕ್ಕೆ ತಿರುಗಿ ಕೂರಿ. ಕಣ್ಣಿಟ್ಟು ನೋಡಬೇಡಿ. ಅದು ನಿಮ್ಮ ಕಡೆ ನೋಡಿದ ಆ ಕ್ಷಣಕ್ಕೆ ಒಂದು ಚೂರು ಎಸೆಯಿರಿ. ಒಂದು, ಎರಡು ಸೆಕೆಂಡಿನೊಳಗೆ. ತಡವಾದರೆ ಯಾವುದಕ್ಕೆ ಕೊಟ್ಟಿರಿ ಅಂತ ಅದಕ್ಕೆ ತಿಳಿಯುವುದಿಲ್ಲ. ಹತ್ತು ನಿಮಿಷ ಕೂತು ಎದ್ದು ಬನ್ನಿ. ದಿನಾ ಅದೇ ಹೊತ್ತು, ಅದೇ ಜಾಗ. ಹತ್ತಿರ ಬರುವ ಕೆಲಸ ಅದರದ್ದು, ನಿಮ್ಮದಲ್ಲ.

ಕಣದ_ಕಾಗೆ (ನವೆಂಬರ್ 7, ಬೆಳಿಗ್ಗೆ 9.20)

ಲಂಚ ಕೊಟ್ಟು ಸ್ನೇಹ ಮಾಡಿದರೆ ಲಿವರ್ ಮುಗಿದ ದಿನ ಸ್ನೇಹವೂ ಮುಗಿಯಿತು.

ಮಳೆಗಾಲದ_ಜಿಗಣೆ (ನವೆಂಬರ್ 7, ಬೆಳಿಗ್ಗೆ 9.41)

ನಿಮಗೆ ತಿಂಗಳ ಸಂಬಳ ಲಂಚವಾ ಸಂಬಳವಾ? ತಮಾಷೆ ಬಿಡಿ, ನಿಮ್ಮ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಕೋಲ್ಕತ್ತಾದ ಐಸರ್ ವಿಜ್ಞಾನ ಸಂಸ್ಥೆಯವರು ಬೀದಿ ನಾಯಿಗಳ ಮೇಲೆ ಒಂದು ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದ್ದಾರೆ. ಕೆಲವು ನಾಯಿಗಳಿಗೆ ತಿಂಡಿ ಕೊಟ್ಟರು, ಕೆಲವಕ್ಕೆ ತಲೆ ಸವರಿದರು. ಹಲವು ದಿನ ಹೀಗೆ ಮಾಡಿ ನೋಡಿದರೆ, ಗುರುತಿಲ್ಲದ ಮನುಷ್ಯನ ಮೇಲೆ ನಂಬಿಕೆ ಬೆಳೆಯಲು ಬರೀ ತಿಂಡಿಗಿಂತ ಸವರುವುದೇ ಜಾಸ್ತಿ ಕೆಲಸ ಮಾಡಿತ್ತು. ಅಮೆರಿಕದ ಸಾಕುನಾಯಿ ಅಲ್ಲ ಮತ್ತೆ, ನಮ್ಮ ಬೀದಿ ನಾಯಿ.

ಹಸುಡಾಕ್ಟ್ರು (ನವೆಂಬರ್ 7, ಬೆಳಿಗ್ಗೆ 10.00)

ಸರಿ, ಆದರೆ ರಾಕಿಯ ಕತ್ತು ಈಗ ಹುಣ್ಣು. ಸವರುವುದು ಆಮೇಲೆ. ಸವರುವಾಗಲೂ ತಲೆಯ ಮೇಲಿಂದ ಕೈ ತರಬೇಡಿ. ಎದೆ, ಭುಜ. ಮೂರು ಸೆಕೆಂಡು ಕೆರೆದು ಕೈ ತೆಗೆಯಿರಿ. ಮತ್ತೆ ಒರಗಿಕೊಂಡರೆ ಇನ್ನೂ ಬೇಕು ಅಂತ. ಮುಖ ತಿರುಗಿಸಿದರೆ ಸಾಕು ಅಂತ. ಸಾಕು ಅಂದಾಗ ಬಿಟ್ಟುಬಿಡಬೇಕು. ಅಲ್ಲೇ ಮುಕ್ಕಾಲು ಕೆಲಸ ಆಗುವುದು.

ಪಾಲಿಬೆಟ್ಟ_ಪೆಪ್ಪರ್ (ನವೆಂಬರ್ 7, ಸಂಜೆ 6.30)

ರಾತ್ರಿ ಈಗಲೂ ಶೆಡ್ಡಿನಲ್ಲೇ ಕಟ್ಟುತ್ತೀರಾ? ನಮ್ಮ ಕಡೆ ಚಿರತೆ ಕಾಟ. ಕಟ್ಟಿದ ನಾಯಿ ಅಂದರೆ ಅದಕ್ಕೆ ಬಡಿಸಿಟ್ಟ ಊಟ. ಹೋದ ವರ್ಷ ನಮ್ಮದು ಒಂದು ಹೋಯಿತು. ಬೆಳಿಗ್ಗೆ ನೋಡಿದರೆ ಚೈನು ಮಾತ್ರ ಇತ್ತು.

ಕಣದ_ಕಾಗೆ (ನವೆಂಬರ್ 7, ಸಂಜೆ 6.44)

ಬಿಟ್ಟರೆ ಆನೆ ಹಿಂದೆ ಹೋಗುತ್ತವೆ. ಸಿದ್ದಾಪುರದ ಹತ್ತಿರ ನನಗೇ ಆದದ್ದು. ಬೆಳಿಗ್ಗೆ ಆರಕ್ಕೆ ಸ್ಪ್ರಿಂಕ್ಲರ್ ನೋಡಲು ಹೋಗಿದ್ದೆ. ನಾಯಿ ಕಾಫಿ ಸಾಲಿನೊಳಗೆ ನುಗ್ಗಿ ಬೊಗಳಿತು. ಹಂದಿ ಅಂದುಕೊಂಡೆ. ಅರ್ಧ ನಿಮಿಷದಲ್ಲಿ ಬಾಲ ಕಾಲಸಂದಿಗೆ ಸಿಕ್ಕಿಸಿಕೊಂಡು ನನ್ನ ಕಡೆಗೇ ಓಡಿ ಬಂತು. ಅದರ ಹಿಂದೆ ಒಂಟಿ ಸಲಗ. ನಾಯಿ ನನ್ನನ್ನು ದಾಟಿ ಮನೆಗೆ ಹೋಯಿತು, ನಾನು ಚರಂಡಿಗೆ ಬಿದ್ದೆ. ಅದಕ್ಕೇ ಹೇಳುವುದು, ತೋಟದ ನಾಯಿಗೆ "ಕೂರು", "ಶೇಕ್‌ಹ್ಯಾಂಡ್" ಏನೂ ಬೇಡ. ಕರೆದಾಗ ಬರುವುದೊಂದು ಕಲಿಸಿ.

ಪಾಲಿಬೆಟ್ಟ_ಪೆಪ್ಪರ್ (ನವೆಂಬರ್ 7, ಸಂಜೆ 6.50)

ಬಂತಲ್ಲ, ಕರೆಯದೆಯೇ ಬಂತು! 😂

ಗೋಣಿಕೊಪ್ಪ_ಅಕ್ಕ (ನವೆಂಬರ್ 7, ಸಂಜೆ 7.15)

ಕರೆಯುವ ಮಾತು ಮನೆಯವರೆಲ್ಲರದ್ದೂ ಒಂದೇ ಇರಲಿ. ನಮ್ಮಲ್ಲಿ ಅತ್ತೆ "ಬಾ" ಅನ್ನುತ್ತಿದ್ದರು, ಮಗ "ಕಮ್" ಅನ್ನುತ್ತಿದ್ದ, ನಮ್ಮವರು ಶಿಳ್ಳೆ. ನಾಯಿ ಮೂವರನ್ನೂ ನೋಡಿ ಮಲಗುತ್ತಿತ್ತು. ಇನ್ನೊಂದು, ಕರೆದು ಬೈಯಬೇಡಿ. ಕರೆದು ಸ್ನಾನ ಮಾಡಿಸಬೇಡಿ. ಬಂದರೆ ಒಳ್ಳೆಯದೇ ಆಗಬೇಕು. ಸ್ನಾನಕ್ಕಾದರೆ ನೀವೇ ಹೋಗಿ ಕರೆದುಕೊಂಡು ಬನ್ನಿ.

ವಿರಾಜಪೇಟೆ_ಬ್ಯಾಚುಲರ್ (ನವೆಂಬರ್ 7, ಸಂಜೆ 7.40)

ಒಂದು ಡೌಟು. ಕೊಡವ ತಕ್ಕ್ ಭಾಷೆ ಕೇಳಿ ಬೆಳೆದ ನಾಯಿಗೆ ಕನ್ನಡ ಅರ್ಥ ಆಗುತ್ತದಾ? ನಮ್ಮ ಓನರ್ ನಾಯಿ ನನ್ನ ಮಾತಿಗೆ ಕ್ಯಾರೇ ಅನ್ನಲ್ಲ.

ಮಳೆಗಾಲದ_ಜಿಗಣೆ (ನವೆಂಬರ್ 7, ರಾತ್ರಿ 8.02)

ನಗಬೇಡಿ, ಇದನ್ನೂ ನೋಡಿದ್ದಾರೆ. ಹಂಗೇರಿಯಲ್ಲಿ ನಾಯಿಗಳಿಗೆ ಸ್ಕ್ಯಾನಿಂಗ್ ಯಂತ್ರದೊಳಗೆ ಅಲ್ಲಾಡದೆ ಮಲಗಲು ಕಲಿಸಿ, ಒಂದೇ ಕಥೆಯನ್ನು ಎರಡು ಭಾಷೆಯಲ್ಲಿ ಕೇಳಿಸಿದರು. ಮನೆಯಲ್ಲಿ ಕೇಳಿದ ಭಾಷೆಗೂ ಕೇಳದ ಭಾಷೆಗೂ ಅವುಗಳ ಮೆದುಳು ಬೇರೆ ಬೇರೆಯಾಗಿ ಮಿಡಿಯಿತು. ವಯಸ್ಸಾದ ನಾಯಿಗಳಲ್ಲಿ ಆ ವ್ಯತ್ಯಾಸ ಇನ್ನೂ ಸ್ಪಷ್ಟ. 2022ರಲ್ಲಿ ಬಂದದ್ದು. ಆದರೆ ನಿಮ್ಮ ಓನರ್ ನಾಯಿಗೆ ಭಾಷೆ ತೊಂದರೆ ಅಲ್ಲ ಅನ್ನಿಸುತ್ತದೆ, ಬಾಡಿಗೆ ಬಾಕಿ ಇರಬೇಕು.

ಹೊಸ_ತೋಟದವಳು (ನವೆಂಬರ್ 15, ರಾತ್ರಿ 9.10)

ವರದಿ ಒಪ್ಪಿಸುತ್ತಿದ್ದೇನೆ. ದಿನಾ ಸಂಜೆ ಐದಕ್ಕೆ ಕಣದ ಕಟ್ಟೆ ಮೇಲೆ ಮೊರದಲ್ಲಿ ಹಳೆಯ ಕರಿಮೆಣಸು ಹಾಕಿಕೊಂಡು ಕೂರುತ್ತೇನೆ. ಮೆಣಸು ಆರಿಸುವುದು ನೆಪ. ಮೊದಲ ಮೂರು ದಿನ ಎಸೆದ ಚೂರನ್ನು ನಾನು ಎದ್ದುಹೋದ ಮೇಲೆ ತಿಂದಿತು. ನಾಲ್ಕನೇ ದಿನ ನಾನಿರುವಾಗಲೇ ತಿಂದಿತು. ಆರನೇ ದಿನ ಕೆಲಸದವರೊಬ್ಬರು ಮಳೆಗೆ ಹೊದೆಯುವ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಬಂದರು, ಎಲ್ಲ ಹಾಳಾಯಿತು. ಶೆಡ್ಡಿನ ಹಿಂದೆ ಸೇರಿಕೊಂಡು ಅರ್ಧ ಗಂಟೆ ಬೊಗಳಿತು. ದಿನಾ ನೋಡುವ ಮನುಷ್ಯ, ಕೊಪ್ಪೆ ಹಾಕಿದರೆ ಬೇರೆ ಪ್ರಾಣಿ ಆಗಿಬಿಡುತ್ತಾನಾ?

ನಿನ್ನೆ ನಾನು ಮೆಣಸು ನೋಡುತ್ತಿದ್ದೆ. ಕಾಲಿಗೆ ಏನೋ ತಣ್ಣಗೆ ತಾಗಿತು. ರಾಕಿ ಮೂಗು. ಚಪ್ಪಲಿ ಮೂಸುತ್ತಿತ್ತು. ಹಿಂಗಾಲು ಎರಡೂ ಹಿಂದೆಯೇ ಇತ್ತು, ಓಡಲು ರೆಡಿ. ಮೈಯೆಲ್ಲ ಉದ್ದ ಮಾಡಿ ಮೂಗು ಮಾತ್ರ ಮುಂದೆ. ನಾನು ಉಸಿರೇ ಬಿಡಲಿಲ್ಲ. ಮೊರದಲ್ಲಿದ್ದ ಮೆಣಸು ಅರ್ಧ ಚೆಲ್ಲಿತು.

ರಾತ್ರಿ ಈಗ ಒಳ ಜಗಲಿಯಲ್ಲಿ ಮಲಗುತ್ತದೆ. ಚೈನು ಬಿಚ್ಚಿಟ್ಟಿದ್ದೇವೆ.

ಹಸುಡಾಕ್ಟ್ರು (ನವೆಂಬರ್ 16, ಬೆಳಿಗ್ಗೆ 6.20)

ಬಹಳ ಒಳ್ಳೆಯದು. ಕೊಪ್ಪೆಯ ವಿಷಯ: ಮರಿ ಮೂರು ವಾರದಿಂದ ಸುಮಾರು ಹನ್ನೆರಡು ಹದಿನಾಲ್ಕು ವಾರದೊಳಗೆ ಕಂಡದ್ದೆಲ್ಲ ಅದಕ್ಕೆ ಮಾಮೂಲು. ಆಗ ಕಟ್ಟಿಹಾಕಿದರೆ ಲೋಕವೆಲ್ಲ ಹೊಸದು. ಆಕಾರ ಬದಲಾದರೆ, ಪ್ಲಾಸ್ಟಿಕ್ ಸರಬರ ಅಂದರೆ ಹೆದರಿಕೆ. ಕೊಪ್ಪೆಯನ್ನು ದೂರದಲ್ಲಿ ನೇತುಹಾಕಿ ಅದರ ಕೆಳಗೇ ಊಟ ಇಡಿ. ಎರಡೇ ದಿನಕ್ಕೆ ಸರಿಯಾಗದಿದ್ದರೆ ಬೇಜಾರು ಬೇಡ.

ತಾತನ_ಕೋವಿ (ನವೆಂಬರ್ 16, ಬೆಳಿಗ್ಗೆ 8.00)

ಪುತ್ತರಿಗೆ ಏನು ಮಾಡುತ್ತೀರಿ? ಕೋವಿ ಹಾರಿಸಬೇಡಿ ಅಂತ ಮಾತ್ರ ಯಾರೂ ಹೇಳಬೇಡಿ. ಗದ್ದೆಯಲ್ಲಿ ಹೊಸ ಭತ್ತದ ಕದಿರು ತೆಗೆದ ಮೇಲೆ ಗುಂಡು ಹಾರಿಸದಿದ್ದರೆ ಅದು ಪುತ್ತರಿಯೇ ಅಲ್ಲ.

ಹಸುಡಾಕ್ಟ್ರು (ನವೆಂಬರ್ 16, ಬೆಳಿಗ್ಗೆ 8.25)

ಯಾರೂ ಹೇಳುತ್ತಿಲ್ಲ. ನಮ್ಮ ಪುಣ್ಯ ಏನೆಂದರೆ ಕದಿರು ತೆಗೆಯುವ ಹೊತ್ತು ಮೊದಲೇ ಗೊತ್ತಿರುತ್ತದೆ. ಕಕ್ಕಬ್ಬೆಯ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ದಿನ, ಗಳಿಗೆ ಇಡುತ್ತಾರೆ. ಪಟಾಕಿ ಯಾವಾಗ ಸಿಡಿಯುತ್ತದೆ ಅಂತ ಪೇಟೆಯಲ್ಲಿ ನಾಯಿ ಸಾಕಿದವರಿಗೆ ಗೊತ್ತಾಗುವುದಿಲ್ಲ. ನಮಗೆ ನಿಮಿಷದ ಲೆಕ್ಕ ಸಿಗುತ್ತದೆ. ಅದಕ್ಕಿಂತ ಒಂದು ಗಂಟೆ ಮೊದಲೇ ಹೊರಗೆ ಸುತ್ತಾಡಿಸಿ, ಊಟ ಹಾಕಿ, ಒಳಗಿನ ಕೋಣೆಗೆ ಕರೆದುಕೊಳ್ಳಿ. ಕಿಟಕಿಗೆ ಕಂಬಳಿ ಕಟ್ಟಿ. ಫ್ಯಾನ್ ಹಾಕಿ, ಮಡಿಕೇರಿ ಆಕಾಶವಾಣಿ ಹಚ್ಚಿಡಿ. ಬಾಗಿಲಿನ ಚಿಲಕ ಎರಡು ಸಲ ನೋಡಿ. ಗುಂಡಿನ ಸದ್ದಿಗೆ ಓಡಿಹೋದ ನಾಯಿಗಳು ಎಷ್ಟೋ ಮೈಲಿ ಆಚೆ ಸಿಕ್ಕಿದ್ದುಂಟು.

ಇವತ್ತಿನಿಂದಲೇ ಫೋನಿನಲ್ಲಿ ಗುಂಡಿನ ಸದ್ದು, ಕಿವಿಗೆ ಕೇಳಿಯೂ ಕೇಳದಷ್ಟು ಸಣ್ಣಗೆ, ಒಂದು ಸಲ. ಕೂಡಲೇ ಲಿವರ್. ಮೊದಲು ಸದ್ದು, ಆಮೇಲೆ ಲಿವರ್. ತಿರುಗುಮುರುಗಾದರೆ ಲಿವರ್ ಕಂಡರೇ ಹೆದರುತ್ತದೆ. ತಿನ್ನಲಿಲ್ಲ ಅಂದರೆ ಸದ್ದು ಜಾಸ್ತಿಯಾಯಿತು ಅಂತ ಅರ್ಥ, ಇಳಿಸಿ. ಮೂರು ವಾರದಲ್ಲಿ ಪೂರ್ತಿ ಸರಿಹೋಗುವುದಿಲ್ಲ, ಆಸೆ ಇಟ್ಟುಕೊಳ್ಳಬೇಡಿ. ನಿಮ್ಮ ಡಾಕ್ಟರ ಹತ್ತಿರ ಭಯ ಇಳಿಸುವ ಮಾತ್ರೆ ಬಗ್ಗೆ ಈಗಲೇ ಮಾತಾಡಿ. ಬರೀ ಮಂಪರಿನ ಮಾತ್ರೆ ಸಾಲದು. ಅದರಲ್ಲಿ ಮೈ ಅಲ್ಲಾಡುವುದಿಲ್ಲ, ಒಳಗೆ ಹೆದರಿಕೆ ಹಾಗೇ ಇರುತ್ತದೆ. ಮನುಷ್ಯರ ನಿದ್ದೆ ಮಾತ್ರೆ ಅಂತೂ ಬೇಡವೇ ಬೇಡ.

ಕಣದ_ಕಾಗೆ (ನವೆಂಬರ್ 16, ಬೆಳಿಗ್ಗೆ 9.05)

ಹೆದರಿದಾಗ ಮುದ್ದು ಮಾಡಿದರೆ ಹೆದರಿಕೆ ಜಾಸ್ತಿಯಾಗುತ್ತದೆ ಅಂತ ಕೇಳಿದ್ದೇನೆ.

ಹಸುಡಾಕ್ಟ್ರು (ನವೆಂಬರ್ 16, ಬೆಳಿಗ್ಗೆ 9.12)

ಗುಡುಗಿಗೆ ಹೆದರಿದ ಮಗುವನ್ನು ಅಪ್ಪಿಕೊಂಡರೆ ಮಗು ನಾಳೆಯಿಂದ ಬೇಕಂತ ಹೆದರುತ್ತದಾ? ಹತ್ತಿರ ಬಂದರೆ ಜೊತೆಗಿರಿ. ಬಾರದಿದ್ದರೆ ಎಳೆಯಬೇಡಿ. ಮಂಚದ ಕೆಳಗೆ ಹೋದರೆ ಅದೇ ಅದರ ಐನ್‌ಮನೆ ಅಂದುಕೊಳ್ಳಿ.

ಪಾಲಿಬೆಟ್ಟ_ಪೆಪ್ಪರ್ (ನವೆಂಬರ್ 16, ಬೆಳಿಗ್ಗೆ 10.30)

ಹಬ್ಬದ ದಿನ ಪಂದಿ ಕರಿ (ಹಂದಿ ಮಾಂಸದ ಸಾರು) ಕೊಡಬೇಡಿ. ನಮ್ಮದು ಒಂದು ಸಲ ಕೊಬ್ಬೆಲ್ಲ ತಿಂದು ಮೂರು ದಿನ ವಾಂತಿ. ಬೇಯಿಸಿದ ಮೂಳೆಯೂ ಬೇಡ, ಸೀಳಿ ಹೊಟ್ಟೆಗೆ ಚು‌ಚ್ಚುತ್ತದೆ. ಕಣದಲ್ಲಿ ಒಣಗಿದ ಕಾಫಿ ಬೀಜ ಕಡಿಯುವ ಮರಿಗಳೂ ಇವೆ, ಕೆಫೀನ್ ನಾಯಿಗೆ ವಿಷ.

ವಿರಾಜಪೇಟೆ_ಬ್ಯಾಚುಲರ್ (ನವೆಂಬರ್ 16, ಬೆಳಿಗ್ಗೆ 10.44)

ಮುಧೋಳ ನಾಯಿ ಸಾಕಿದರೆ ಈ ತಲೆನೋವೆಲ್ಲ ಇರಲ್ಲ ಅನ್ನಿಸುತ್ತದೆ. ಮಿಲಿಟರಿಯವರೇ ತಗೊಂಡಿದ್ದಾರೆ.

ಮಳೆಗಾಲದ_ಜಿಗಣೆ (ನವೆಂಬರ್ 16, ಬೆಳಿಗ್ಗೆ 10.58)

ಬಾಗಲಕೋಟೆಯ ಬಯಲಲ್ಲಿ ಓಡುವ ನಾಯಿಯನ್ನು ತಂದು ನಮ್ಮ ಮಳೆಯಲ್ಲಿ ಮೂರು ತಿಂಗಳು ಜಗಲಿಯಲ್ಲಿ ಕೂರಿಸುತ್ತೀರಾ? ಮೊದಲು ಪಿಂಕಿಗೆ ಕಡಿಯಲು ಏನಾದರೂ ಕೊಡಿಸಿ. ಮುಧೋಳದ ಬಗ್ಗೆ ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಬೇಡ.

ಹೊಸ_ತೋಟದವಳು (ಡಿಸೆಂಬರ್ 6, ಬೆಳಿಗ್ಗೆ 10.15)

ಪುತ್ತರಿ ಮುಗಿಯಿತು. ಕೇಳಿದವರಿಗೆಲ್ಲ ಇಲ್ಲಿಯೇ ಬರೆಯುತ್ತೇನೆ.

ಏಳೂವರೆಗೇ ಅಕ್ಕಿ ಮೂಟೆ ಇಡುವ ಕೋಣೆಗೆ ಕರೆದುಕೊಂಡೆ. ಎದೆಬೆಲ್ಟ್ ಹಾಕಲು ಈಗ ತಲೆ ತಾನೇ ತೂರಿಸುತ್ತದೆ. ಡಾಕ್ಟರ್ ಕೊಟ್ಟ ಮಾತ್ರೆ ಮೊದಲೇ ಕೊಟ್ಟಿದ್ದೆ. ಪೂಜೆಯ ಎಲೆಕಟ್ಟು, ಅಂದರೆ ನೆರೆ, ಕಟ್ಟಿ ಎಲ್ಲರೂ ಗದ್ದೆಗೆ ಹೊರಟರು. ನಾನು ಹೋಗಲಿಲ್ಲ, ಮನೆಯ ಸೊಸೆ ಹೋಗದಿದ್ದರೆ ಹೇಗೆ ಅಂತ ಚಿಕ್ಕಮಾವ ಮುಖ ಊದಿಸಿಕೊಂಡರು. "ಪೊಲಿ ಪೊಲಿ ದೇವಾ" ಅನ್ನುವ ಕೂಗು ದೂರದಲ್ಲಿ ಕೇಳಿತು. ಆಮೇಲೆ ಮೊದಲ ಗುಂಡು.

ಫೋನಿನ ಸದ್ದಿಗೂ ಇದಕ್ಕೂ ಎಲ್ಲಿಗೆಲ್ಲಿ. ರಾಕಿ ಎದ್ದು ನಿಂತಿತು. ಜೊಲ್ಲು ನೆಲಕ್ಕೆ ಹನಿ ಹನಿ ಬಿತ್ತು. ಮೂಟೆಗಳ ಹಿಂದಿನ ಸಂದಿಗೆ ನುಗ್ಗಿತು, ಬಾಲ ಮಾತ್ರ ಕಾಣುತ್ತಿತ್ತು, ಅದೂ ನಡುಗುತ್ತಿತ್ತು. ನನ್ನ ಹತ್ತಿರ ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ನಾನು ಕರೆಯಲೂ ಇಲ್ಲ. ನೆಲದ ಮೇಲೆ ಕೂತು ಪ್ರತಿ ಸದ್ದಿಗೆ ಒಂದು ಚೂರು ಸಂದಿಯ ಬಾಯಿಗೆ ಇಟ್ಟೆ. ಹನ್ನೊಂದು ಚೂರು ಸಾಲಾಗಿ ಹಾಗೇ ಬಿದ್ದಿದ್ದವು. ಪಟಾಕಿ ನಿಂತು ಎಷ್ಟೋ ಹೊತ್ತಾದ ಮೇಲೆ ಒಂದು ಮೂಗು ಬಂತು. ಒಂದೊಂದಾಗಿ ಹನ್ನೊಂದನ್ನೂ ತಿಂದಿತು. ಕೈಲ್‌ಪೊಳ್ದಿಗೆ ಎರಡು ದಿನ ಅನ್ನ ಮುಟ್ಟಿರಲಿಲ್ಲ.

ಬೆಳಿಗ್ಗೆ ರೈಟರ್ ತಂಬಿಟ್ಟು ತಗೊಂಡು ಹೋಗಲು ಬಂದರು. ಕೈಯಲ್ಲಿ ಬಟ್ಟೆಯಿಲ್ಲ, ಗಾಯ ಒಣಗಿದೆ, ನಾಲ್ಕು ಸೂಜಿಯೂ ಮುಗಿದಿದೆ. ಪಕ್ಕಕ್ಕೆ ತಿರುಗಿ ಕುಕ್ಕರಗಾಲಲ್ಲಿ ಕೂತು, ಕೈ ಕೆಳಗೆ ಇಟ್ಟರು. ನಾನು ಹೇಳಿಕೊಟ್ಟದ್ದಲ್ಲ, ದಿನಾ ಕಣದಲ್ಲಿ ನನ್ನನ್ನು ನೋಡಿ ಕಲಿತದ್ದು. ರಾಕಿ ಹೋಗಿ ಅವರ ಮೊಣಕಾಲಿಗೆ ಭುಜ ಒರಗಿಸಿ ನಿಂತಿತು. ಒಂದು ತಿಂಗಳು ಮೆಣಸು ಆರಿಸಿದವಳು ನಾನು. ನನಗೆ ಇನ್ನೂ ಒರಗಿಲ್ಲ!

ಗೋಣಿಕೊಪ್ಪ_ಅಕ್ಕ (ಡಿಸೆಂಬರ್ 6, ಬೆಳಿಗ್ಗೆ 10.31)

ನಿಮ್ಮ ಹೊಟ್ಟೆಕಿಚ್ಚು ನನಗೆ ಇಲ್ಲಿಗೇ ಕಾಣುತ್ತಿದೆ. 😄

ಪೊನ್ನಂಪೇಟೆ_ನರ್ಸ್ (ಡಿಸೆಂಬರ್ 6, ಬೆಳಿಗ್ಗೆ 10.40)

ನಾಲ್ಕೂ ಸೂಜಿ ಮುಗಿಸಿದ್ದಕ್ಕೆ ರೈಟರಿಗೆ ನನ್ನ ಕಡೆಯಿಂದ ಇನ್ನೊಂದು ತಂಬಿಟ್ಟು ಕೊಡಿ.

ಹಸುಡಾಕ್ಟ್ರು (ಡಿಸೆಂಬರ್ 6, ಬೆಳಿಗ್ಗೆ 11.05)

ಹನ್ನೊಂದು ತಿಂದಿತಲ್ಲ, ಸಾಕು. ಕತ್ತಿನ ಫೋಟೋ ಕಳಿಸಿ. ಮಳೆ ನಿಂತಿದೆ, ಇನ್ನು ಉಣುಗು ಶುರು. ಕಿವಿಯೊಳಗೆ, ಬೆರಳ ಸಂದಿಯಲ್ಲಿ ವಾರಕ್ಕೆರಡು ಸಲ ನೋಡಿ.

ತಾತನ_ಕೋವಿ (ಡಿಸೆಂಬರ್ 6, ಮಧ್ಯಾಹ್ನ 12.20)

ಆ ಲಿವರ್ ಎಷ್ಟು ಹೊತ್ತು ಬೇಯಿಸಬೇಕು?

ಹೊಸ_ತೋಟದವಳು (ಡಿಸೆಂಬರ್ 6, ಮಧ್ಯಾಹ್ನ 12.24)

ಒಳಗೆ ಕೆಂಪು ಹೋಗುವವರೆಗೆ, ಹತ್ತು ಹದಿನೈದು ನಿಮಿಷ. ಆರಿದ ಮೇಲೆ ಕತ್ತರಿಸಿ, ಬಿಸಿಯಲ್ಲಿ ಪುಡಿಯಾಗುತ್ತದೆ. ಯಾಕೆ ಅಣ್ಣ?

ತಾತನ_ಕೋವಿ (ಡಿಸೆಂಬರ್ 6, ಮಧ್ಯಾಹ್ನ 12.25)

ಸುಮ್ನೆ ಕೇಳಿದೆ.